ಮೊಂಡು ಆ್ಯಂಕರ್‌ನ ವೇಷ ಕಟ್ಟುವುದು ಹೇಗೆ: ಕೋಲ್ಬೇರ್ ಮಾದರಿ

ಸುದ್ದಿಯನ್ನು ಲೇವಡಿ ಮಾಡುವ ನಿರೂಪಕರಲ್ಲಿ ಎರಡು ಬಗೆ. ಜಾನ್ ಸ್ಟೀವರ್ಟ್, ಜಾನ್ ಆಲಿವರ್ ಥರದವರು ತಮ್ಮ ಅಭಿಪ್ರಾಯವನ್ನು ತಮ್ಮ ಬಾಯಲ್ಲೇ ಹೇಳುತ್ತಾರೆ. ಇನ್ನೊಂದು ಬಗೆಯವರು ತಾವು ಒಪ್ಪದ ಮಾತನ್ನೇ ಎದೆತಟ್ಟಿಕೊಂಡು ಹೇಳಿ, ಅದರ ಪೊಳ್ಳುತನ ತಾನಾಗಿ ಹೊರಬೀಳುವಂತೆ ಮಾಡುತ್ತಾರೆ. ಅಮೆರಿಕದ ಕೇಬಲ್ ಟೀವಿಯಲ್ಲಿ ಈ ಎರಡನೆಯ ಕೆಲಸವನ್ನು 9 ವರ್ಷ ನಿಭಾಯಿಸಿದವರು ಸ್ಟೀಫನ್ ಕೋಲ್ಬೇರ್. 2005ರ ಅಕ್ಟೋಬರ್ 17ರಿಂದ 2014ರ ಡಿಸೆಂಬರ್ 18ರವರೆಗೆ ಕಾಮಿಡಿ ಸೆಂಟ್ರಲ್ ಚಾನೆಲ್‌ನಲ್ಲಿ ಸೋಮವಾರದಿಂದ ಗುರುವಾರ, ರಾತ್ರಿ 11.30ಕ್ಕೆ ಅವರ ‘ದಿ ಕೋಲ್ಬೇರ್ ರಿಪೋರ್’ ಬರುತ್ತಿತ್ತು. ಬರೆಯುವಾಗ ಎರಡೂ ಪದಗಳ ಕೊನೆಗೆ ‘ಟಿ’ ಇದೆ, ಉಚ್ಚರಿಸುವಾಗ ಎರಡೂ ಕಡೆ ಮಾಯ. ಆ ಒಣ ಠೀವಿಯಲ್ಲೇ ಅರ್ಧ ಪಾತ್ರ ಇದೆ.

ತಾಳಮದ್ದಳೆ ಕೇಳಿದವರಿಗೆ ಈ ವಿದ್ಯೆ ತೀರಾ ಹೊಸದಲ್ಲ. ದುರ್ಯೋಧನನ ಅರ್ಥ ಹೇಳುವವರು ಅವನನ್ನು ಹಂಗಿಸುವುದಿಲ್ಲ, ಅವನ ವಕೀಲಿಕೆ ಮಾಡುತ್ತಾರೆ. ವಾದ ಎಲ್ಲಿ ಕುಸಿಯಿತು ಅನ್ನುವುದು ಕೇಳುವವರಿಗೆ ಬಿಟ್ಟದ್ದು. ಯೂಟ್ಯೂಬ್‌ಗೋ ವೇದಿಕೆಗೋ ಇಂಥದೊಂದು ಪಾತ್ರ ಕಟ್ಟಹೊರಟವರು ಮೊದಲು ಹಿಡಿಯಬೇಕಾದ ಎಳೆ ಇದೇ.

ಪಾತ್ರಕ್ಕೆ ಕಟ್ಟುಪಾಡು

ಕೋಲ್ಬೇರ್ ತಮ್ಮ ಪಾತ್ರಕ್ಕೆ ಕೊಡುತ್ತಿದ್ದ ವಿವರಣೆಯ ಸಾರ ಇಷ್ಟು: ಮನಸ್ಸು ಒಳ್ಳೆಯದು, ತಿಳಿವಳಿಕೆ ಕಮ್ಮಿ, ಕುರ್ಚಿ ಮಾತ್ರ ಎತ್ತರದ್ದು. ಮೂರರಲ್ಲಿ ಒಂದು ತಪ್ಪಿದರೂ ಪಾತ್ರ ಕೆಡುತ್ತದೆ. ಮನಸ್ಸು ಕೆಟ್ಟದಾದರೆ ಅವನು ಖಳನಾಯಕ, ವಾರದೊಳಗೆ ಜನಕ್ಕೆ ಬೇಸರ. ತಿಳಿವಳಿಕೆ ಇದ್ದರೆ ಅವನು ಸುಳ್ಳುಗಾರ. ಕುರ್ಚಿ ಎತ್ತರದ್ದಲ್ಲದಿದ್ದರೆ ಬರೀ ಪೆದ್ದ, ಪೆದ್ದನನ್ನು ನೋಡಿ ನಗುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ.

ಮಾದರಿಗೆ ಒಬ್ಬರನ್ನೇ ಆರಿಸಿಕೊಳ್ಳಿ. ಕೋಲ್ಬೇರ್‌ಗೆ ಆ ಮಾದರಿ ಫಾಕ್ಸ್ ನ್ಯೂಸ್ ಎಂಬ ಬಲಪಂಥೀಯ ಚಾನೆಲ್‌ನ ನಿರೂಪಕ ಬಿಲ್ ಓರೈಲಿ. ಆದರೆ ಅವರ ದನಿಯನ್ನಾಗಲೀ ಹುಬ್ಬಿನ ಕುಣಿತವನ್ನಾಗಲೀ ನಕಲು ಮಾಡಲಿಲ್ಲ, ಯೋಚನೆಯ ಜಾಡನ್ನು ಎತ್ತಿಕೊಂಡರು. ಮಿಮಿಕ್ರಿಯ ಆಯುಷ್ಯ ಹತ್ತು ಎಪಿಸೋಡ್. ಜಾಡು ಸಿಕ್ಕರೆ ನಾಳೆ ಬರುವ ಯಾವ ಸುದ್ದಿಗೂ ಪಾತ್ರ ಏನನ್ನುತ್ತದೆ ಎಂದು ಬರಹಗಾರರ ಕೋಣೆಯಲ್ಲಿ ಯಾರು ಬೇಕಾದರೂ ಹೇಳಬಹುದು. ಮೊದಲ ಎಪಿಸೋಡಿನಲ್ಲೇ ಆ ಜಾಡಿಗೆ ಅವರು ‘ಟ್ರೂಥಿನೆಸ್’ ಎಂದು ಹೆಸರಿಟ್ಟರು. ಪುರಾವೆ ಯಾಕೆ, ನನಗೆ ಹೌದೆನ್ನಿಸಿದರೆ ಅದೇ ನಿಜ ಎಂಬ ಧೋರಣೆ ಅದು. 2006ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ಅದನ್ನೇ ವರ್ಷದ ಪದ ಎಂದು ಘೋಷಿಸಿದರು.

ಬಳಿಕ ಪಾತ್ರಕ್ಕೊಂದು ಅರ್ಥವಿಲ್ಲದ ಭಯ ಕೊಡಿ. ಕೋಲ್ಬೇರ್ ಪಾತ್ರಕ್ಕೆ ಕರಡಿ ಕಂಡರಾಗದು. ದೇಶಕ್ಕಿರುವ ಗಂಡಾಂತರಗಳ ಪಟ್ಟಿ ಓದಿದಾಗಲೆಲ್ಲ ಕರಡಿ ಹಾಜರ್, ಅದೂ ಹೆಚ್ಚಾಗಿ ಮೊದಲ ಸ್ಥಾನದಲ್ಲಿ. ಇಂಥ ಮಕ್ಕಳಾಟದ ಭಯ ಇದ್ದರೆ ರಾಜಕೀಯವಾಗಿ ಪಾತ್ರವನ್ನು ಒಪ್ಪದವರೂ ಅದನ್ನು ಸಹಿಸಿಕೊಳ್ಳುತ್ತಾರೆ.

ಬಾಯಿ ಹೇಳಬೇಕಿಲ್ಲದ್ದನ್ನು ಸೆಟ್ ಹೇಳಲಿ. ಅವರ ಮೇಜೇ ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರದಲ್ಲಿತ್ತು. ಗೋಡೆಯ ಮೇಲೆ ಅವರದೇ ಭಾವಚಿತ್ರ, ಆ ಚಿತ್ರದಲ್ಲಿ ಅವರು ನಿಂತಿರುವುದು ಮತ್ತೆ ತಮ್ಮದೇ ಭಾವಚಿತ್ರದ ಮುಂದೆ. 2008ರಲ್ಲಿ ಅದು ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೂ ಹೋಯಿತು. ತೂಗುಹಾಕಿದ್ದು ಶೌಚಾಲಯಗಳ ನಡುವೆ. ನಿಮ್ಮಲ್ಲಿ ದುಡ್ಡಿಲ್ಲದಿದ್ದರೆ ಒಂದೇ ವಸ್ತು ಸಾಕು: ಪಾತ್ರ ತನಗೆ ತಾನೇ ಕೊಟ್ಟುಕೊಂಡ ಒಂದು ಸನ್ಮಾನದ ಫಲಕ, ಕ್ಯಾಮೆರಾಗೆ ಸದಾ ಕಾಣುವ ಹಾಗೆ.

ಬಾಯಿ ಒಂದು, ಬರಹ ಇನ್ನೊಂದು

ಕಾರ್ಯಕ್ರಮದ ಬೆನ್ನೆಲುಬು ‘ದಿ ವರ್ಡ್’ ಎಂಬ ಭಾಗ. ಓರೈಲಿ ಮಾತಾಡುವಾಗ ಪಕ್ಕದಲ್ಲಿ ಮುಖ್ಯಾಂಶಗಳು ಬರುತ್ತಿದ್ದವಲ್ಲ, ಅದನ್ನೇ ತಿರುಗಿಸಿದ್ದು. ಎಡಕ್ಕೆ ಕೋಲ್ಬೇರ್ ಗಂಭೀರವಾಗಿ ಮಾತಾಡುತ್ತಾರೆ, ಬಲಕ್ಕೆ ಮೂಡುವ ಬರಹ ಆ ಮಾತಿನ ಕಾಲೆಳೆಯುತ್ತದೆ. ಪಾತ್ರಕ್ಕೆ ಆ ಬರಹ ಕಾಣುವುದೇ ಇಲ್ಲ. ಅದನ್ನು ಬರೆದದ್ದು ಪಾತ್ರವಲ್ಲ, ಪಾತ್ರದ ಹಿಂದಿನ ಮನುಷ್ಯ. ಒಂದೇ ಚೌಕಟ್ಟಿನೊಳಗೆ ಇಬ್ಬರೂ ಸಿಗುವುದು ಹೀಗೆ.

ಇದನ್ನು ಬರೆಯುವ ಕ್ರಮ: ಮೊದಲು ಬರಹದ ಗೊಡವೆಗೆ ಹೋಗದೆ, ಪಾತ್ರದ ಪೂರ್ತಿ ಭಾಷಣ ಬರೆಯಿರಿ. ಅದನ್ನಷ್ಟೇ ಕೇಳಿದ ಅಭಿಮಾನಿಯೊಬ್ಬ ‘ಸರಿಯಾಗಿ ಹೇಳಿದ’ ಅನ್ನಬೇಕು. ಮೂರು ನಿಮಿಷದ ಭಾಗಕ್ಕೆ ಮುನ್ನೂರು ಪದ ದಾಟಬೇಡಿ, ನಗುವಿಗೆ ಜಾಗ ಬೇಕು. ಆಮೇಲೆ ಎರಡು ಮೂರು ವಾಕ್ಯಕ್ಕೊಂದರಂತೆ ಬಲಗಡೆಯ ಬರಹ ಸೇರಿಸಿ, ಪ್ರತಿಯೊಂದೂ ನಾಲ್ಕು ಪದದೊಳಗೆ. ಹೀಗೆ:

ಬಾಯಿ: “ನಮ್ಮೂರಿಗೂ ಮೇಲ್ಸೇತುವೆ ಬಂತು ಸ್ವಾಮಿ! ಇನ್ನು ಯಾರೂ ಸಿಗ್ನಲ್‌ನಲ್ಲಿ ಕಾಯಬೇಕಾಗಿಲ್ಲ.”
ಬರಹ: ಮೇಲೆಯೇ ಕಾಯಬಹುದು
ಬಾಯಿ: “ಎರಡು ವರ್ಷ ತಡವಾಯಿತು ಅಂತ ಗೊಣಗುವವರಿಗೆ ಒಂದೇ ಮಾತು. ಒಳ್ಳೆಯ ಕೆಲಸ ಆತುರದಲ್ಲಿ ಆಗಲ್ಲ.”
ಬರಹ: ಬಿಲ್ ಮಾತ್ರ ಆಗುತ್ತೆ

ಎರಡನೆಯದು ಯಾಕೆ ಕೆಲಸ ಮಾಡುತ್ತದೆ ನೋಡಿ. ಅದು ಪಾತ್ರದ ವಾಕ್ಯವನ್ನೇ ಮುಂದುವರಿಸುತ್ತದೆ, ಅದೇ ‘ಆಗು’ವನ್ನು ಹಿಡಿದುಕೊಂಡು. ಅಲ್ಲಿ ‘ಇದು ಭ್ರಷ್ಟಾಚಾರ’ ಎಂದು ಹಾಕಿದ್ದರೆ ತಮಾಷೆ ಹೋಗಿ ಟೀಕೆ ಉಳಿಯುತ್ತಿತ್ತು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ, ನೋಡುವವರಿಗೆ ತಿಳಿಯದೇ ಹೋದೀತು ಎಂಬ ಅಂಜಿಕೆಯಿಂದ.

ಇನ್ನೊಂದು ತೊಡಕು ಕನ್ನಡದ್ದೇ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದುಬಿಡುವುದರಿಂದ ಬರಹ ವಾಕ್ಯದ ನಡುವೆ ಮೂಡಿದರೂ ನಡೆಯುತ್ತದೆ. ನಮ್ಮಲ್ಲಿ ‘ಆಗಲ್ಲ’ ಎಂದೋ ‘ಆಗುತ್ತೆ’ ಎಂದೋ ಗೊತ್ತಾಗುವುದು ಕೊನೆಯ ಪದದಲ್ಲಿ. ಬರಹ ಅದಕ್ಕೂ ಮೊದಲೇ ತೆರೆಗೆ ಬಂದರೆ ಪಂಚ್ ಸತ್ತಂತೆ. ಎಡಿಟರ್‌ಗೆ ಹೇಳಿಡಿ: ಕ್ರಿಯಾಪದ ಮುಗಿದು ಅರ್ಧ ಸೆಕೆಂಡ್ ಬಿಟ್ಟು ಬರಹ, ಅದನ್ನು ಓದಲು ಎರಡು ಸೆಕೆಂಡ್, ಆ ಹೊತ್ತಿನಲ್ಲಿ ನಿರೂಪಕನ ಮುಖ ಕಲ್ಲಿನಂತಿರಲಿ.

ಅತಿಥಿ ಬಂದಾಗ

ಮಾಮೂಲಿ ಶೋಗಳಲ್ಲಿ ಅತಿಥಿ ನಡೆದುಬರುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಅತಿಥಿ ಸುಮ್ಮನೆ ಕೂತಿರುತ್ತಾರೆ, ಕೋಲ್ಬೇರ್ ಕೈಬೀಸುತ್ತ ಓಡಿಬಂದು ಅವರಿಗೆ ಸಲ್ಲಬೇಕಾದ ಚಪ್ಪಾಳೆಯನ್ನು ತಾವೇ ಬಾಚಿಕೊಳ್ಳುತ್ತಾರೆ. ಒಂದು ಓಟದಲ್ಲಿ ಪಾತ್ರದ ಜಾತಕವೆಲ್ಲ ತಿಳಿದುಹೋಗುತ್ತದೆ.

ಆದರೆ ಅದಕ್ಕೆ ಮುಂಚೆ ಒಂದು ಕೆಲಸ ತಪ್ಪದೆ ಆಗುತ್ತಿತ್ತು. ಚಿತ್ರೀಕರಣಕ್ಕೆ ಮೊದಲು ಕೋಲ್ಬೇರ್ ತಾವಾಗಿಯೇ ಅತಿಥಿಯ ಕೋಣೆಗೆ ಹೋಗಿ, ನಾನು ಆಡುವುದು ಏನೂ ತಿಳಿಯದ ಮೂರ್ಖನ ಪಾತ್ರ, ನನ್ನ ತಪ್ಪನ್ನು ನೀವು ನೇರವಾಗಿ ತಿದ್ದಿ ಎಂದು ಹೇಳಿಬರುತ್ತಿದ್ದರು. ಸ್ಟುಡಿಯೋದ ಪ್ರೇಕ್ಷಕರ ಜೊತೆಗೂ ಮೊದಲು ವೇಷವಿಲ್ಲದೆ ಪ್ರಶ್ನೋತ್ತರ ನಡೆಯುತ್ತಿತ್ತು. ನೀವೂ ಇದನ್ನು ಬಿಡಬೇಡಿ. ಅತಿಥಿಗೆ ಕೊಡಬೇಕಾದ ಇನ್ನೊಂದು ಸೂಚನೆ: ನೀವು ತಮಾಷೆ ಮಾಡಲು ಹೋಗಬೇಡಿ. ಇಬ್ಬರೂ ತಮಾಷೆಗಿಳಿದರೆ ನೆಲ ಇಲ್ಲದ ಕುಣಿತವಾಗುತ್ತದೆ.

ಪ್ರಶ್ನೆ ಕಟ್ಟುವಾಗ ಎರಡೂ ಆಯ್ಕೆ ಪಾತ್ರದ ಪರವಾಗಿಯೇ ಇರಲಿ. ಜಾರ್ಜ್ ಬುಷ್ ಒಳ್ಳೆಯ ಅಧ್ಯಕ್ಷರೋ, ಎಲ್ಲರಿಗಿಂತ ಒಳ್ಳೆಯ ಅಧ್ಯಕ್ಷರೋ ಎಂದು ಅವರು ಅತಿಥಿಗಳನ್ನು ಕೇಳುತ್ತಿದ್ದುದು ಈ ಬಗೆಯದು. ಇನ್ನೊಂದು ಬಗೆ, ತೀರಾ ಮುಗ್ಧ ಪ್ರಶ್ನೆ. 2006ರಲ್ಲಿ ಜಾರ್ಜಿಯಾ ರಾಜ್ಯದ ಸಂಸದ ಲಿನ್ ವೆಸ್ಟ್‌ಮೊರ್‌ಲ್ಯಾಂಡ್ ಬೈಬಲಿನ ಹತ್ತು ಕಟ್ಟಳೆಗಳನ್ನು ಸಂಸತ್ತಿನ ಎರಡೂ ಸದನಗಳಲ್ಲಿ ಹಾಕಬೇಕೆನ್ನುವ ಮಸೂದೆಯ ಪರ ನಿಂತಿದ್ದರು. ಆ ಹತ್ತು ಯಾವುವು ಎಂದು ಕೋಲ್ಬೇರ್ ಕೇಳಿದರು. ಮೂರು ಹೇಳುವಷ್ಟರಲ್ಲಿ ಸಂಸದರ ಸರಕು ಮುಗಿಯಿತು. ಕೇಳಿದವರ ದನಿಯಲ್ಲಿ ಕುಹಕದ ಸುಳಿವೇ ಇರಲಿಲ್ಲ. ಇದ್ದಿದ್ದರೆ ಸಂಸದರು ಎಚ್ಚರವಾಗುತ್ತಿದ್ದರು.

ಎಲ್ಲಿ ಕೈಕೊಡುತ್ತದೆ

ಪಾತ್ರವನ್ನು ನಿಜವೆಂದು ನಂಬುವವರು ಇದ್ದೇ ಇರುತ್ತಾರೆ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉದಾರವಾದಿಗಳಿಗೂ ಸಂಪ್ರದಾಯವಾದಿಗಳಿಗೂ ಶೋ ಒಂದೇ ಮಟ್ಟಿಗೆ ತಮಾಷೆ ಎನಿಸಿತ್ತು, ಆದರೆ ಇವರು ತಮಾಷೆಯ ನೆಪದಲ್ಲಿ ಮನಸ್ಸಿನ ಮಾತನ್ನೇ ಆಡುತ್ತಿದ್ದಾರೆ ಎಂದುಕೊಳ್ಳುವ ಸಾಧ್ಯತೆ ಸಂಪ್ರದಾಯವಾದಿಗಳಲ್ಲಿ ಹೆಚ್ಚಿತ್ತು. ಇದಕ್ಕೆ ಮದ್ದಿಲ್ಲ.

ಮದ್ದಿರುವ ಅಪಾಯ ಬೇರೆ: ಸಂದರ್ಭದಿಂದ ಕಿತ್ತ ಸಾಲು. 2014ರ ಮಾರ್ಚ್‌ನಲ್ಲಿ ಕಾರ್ಯಕ್ರಮದ ಹೆಸರಿನ ಟ್ವಿಟರ್ ಖಾತೆಯಿಂದ ಏಷ್ಯಾದವರನ್ನು ಕುರಿತ ಒಂದು ವ್ಯಂಗ್ಯದ ಸಾಲು ಹೊರಟಿತು. ಶೋದಲ್ಲಿ ಅದು ಅಮೆರಿಕದ ಮೂಲನಿವಾಸಿಗಳ ಹೆಸರಿಟ್ಟುಕೊಂಡ ಫುಟ್‌ಬಾಲ್ ತಂಡದ ಮಾಲೀಕರ ವಿರುದ್ಧದ ಚಾಟಿ. ಟ್ವೀಟಿನಲ್ಲಿ ಆ ಹಿನ್ನೆಲೆಯೇ ಇರಲಿಲ್ಲ, ಉಳಿದದ್ದು ಬರೀ ಜನಾಂಗೀಯ ಜೋಕು. ಶೋ ನಿಲ್ಲಿಸಿ ಎಂಬ ಕೂಗೆದ್ದಿತು. ಖಾತೆ ನಡೆಸುತ್ತಿದ್ದುದು ಕೋಲ್ಬೇರ್ ಅಲ್ಲ, ಚಾನೆಲ್. ಆದ್ದರಿಂದ ಶಾರ್ಟ್ಸ್, ರೀಲ್ಸ್ ಕತ್ತರಿಸುವವರಿಗೆ ಒಂದೇ ನಿಯಮ ಕೊಡಿ: ಪಾತ್ರದ ಅತಿ ಕೆಟ್ಟ ವಾಕ್ಯ ಇರುವ ತುಣುಕಿನಲ್ಲಿ ಅದಕ್ಕೆ ಕಾರಣವಾದ ಸುದ್ದಿಯ ಕ್ಲಿಪ್ಪೂ ಇರಬೇಕು. ಇಲ್ಲವಾದರೆ ಆ ವಾಕ್ಯವೇ ಬೇಡ.

ವೇಷ ಯಾವಾಗ ಕಳಚಬೇಕು? ಅಪರೂಪಕ್ಕೆ, ಅದೂ ಕೇಳಿದವರಿಗೆ ನಿಜವಾದ ಉತ್ತರ ಬೇಕಾಗಿದ್ದಾಗ. 2010ರ ಸೆಪ್ಟೆಂಬರ್ 24ರಂದು ಹೊಲಗಳಲ್ಲಿ ದುಡಿಯುವ ವಲಸೆ ಕಾರ್ಮಿಕರ ಬಗ್ಗೆ ಕೋಲ್ಬೇರ್ ಸಂಸತ್ತಿನ ಉಪಸಮಿತಿಯ ಮುಂದೆ ಪಾತ್ರದಲ್ಲೇ ಸಾಕ್ಷ್ಯ ನುಡಿದರು. ಈ ವಿಷಯವೇ ಯಾಕೆ ಎಂದು ಸಂಸದೆ ಜೂಡಿ ಚು ಕೇಳಿದಾಗ ಮಾತ್ರ ದನಿ ತಗ್ಗಿತು. ಅಧಿಕಾರವಿಲ್ಲದವರ ಬಗ್ಗೆ ಮಾತಾಡುವುದು ನನಗಿಷ್ಟ ಎಂದು ಹೇಳಿ ಒಂದೆರಡು ನಿಮಿಷ ತಾವಾಗಿಯೇ ಮಾತಾಡಿದರು. ಪ್ರತಿ ವಾರ ಹೀಗೆ ಮಾಡಿದ್ದರೆ ಆ ದಿನ ಯಾರೂ ಕಿವಿಗೊಡುತ್ತಿರಲಿಲ್ಲ.

ಕಾಗದಪತ್ರ

ಪಾತ್ರ ನಿಮ್ಮದೇ ಹೆಸರಿನದಾದರೂ ನಿಮ್ಮದು ಅಂದುಕೊಳ್ಳಬೇಡಿ. ಕೋಲ್ಬೇರ್ 2015ರ ಸೆಪ್ಟೆಂಬರ್‌ನಲ್ಲಿ ಸಿಬಿಎಸ್‌ನ ‘ಲೇಟ್ ಶೋ’ಗೆ ಸ್ವಂತ ಮುಖದಲ್ಲೇ ಬಂದರು. 2016ರ ಜುಲೈನಲ್ಲಿ ಹಳೆಯ ಪಾತ್ರವನ್ನು ಒಮ್ಮೆ ಅಲ್ಲಿ ಇಳಿಸಿದ್ದೇ ತಡ, ಅದು ನಮ್ಮ ಆಸ್ತಿ ಎಂದು ಇನ್ನೊಂದು ಕಂಪನಿಯ ವಕೀಲರ ಕರೆ ಬಂತು. ಕೋಲ್ಬೇರ್ ಪಾತ್ರ ಇನ್ನು ಬರುವುದಿಲ್ಲ ಎಂದು ಘೋಷಿಸಿ, ಅವನ ತದ್ರೂಪಿ ಸೋದರಸಂಬಂಧಿಯನ್ನು ಕರೆತಂದರು. ‘ದಿ ವರ್ಡ್’ ಭಾಗಕ್ಕೂ ಒಂದಕ್ಷರ ಬದಲಿಸಿ ಹೊಸ ಕಾಗುಣಿತ ಕೊಟ್ಟರು. ಅವರಿಗೆ ಅದೂ ಒಂದು ಜೋಕಾಯಿತು. ನಿಮ್ಮ ಬಳಿ ಅಷ್ಟು ದೊಡ್ಡ ವೇದಿಕೆ ಇರಲಾರದು, ಹಾಗಾಗಿ ಚಾನೆಲ್ ಜೊತೆ ಸಹಿ ಹಾಕುವ ಮೊದಲೇ ಪಾತ್ರದ ಹೆಸರು, ಭಾಗಗಳ ಹೆಸರು, ಮುದ್ರೆಯ ಮಾತುಗಳು, ಯೂಟ್ಯೂಬ್ ಮತ್ತು ಇನ್‌ಸ್ಟಾಗ್ರಾಮ್ ಖಾತೆಗಳ ಪಾಸ್‌ವರ್ಡ್ ಯಾರ ಬಳಿ ಉಳಿಯುತ್ತವೆ ಎಂದು ಒಂದೊಂದಾಗಿ ಬರೆಸಿಕೊಳ್ಳಿ.