ಅಕ್ಕನ ಮಗಳಿಗೆ ಒಪ್ಪುವ .22 ರೈಫಲ್: ನನ್ನ ಅನುಭವ

ನಮ್ಮ ಶಿರಸಿ ಕಡೆ ಕೋವಿ ಅಂದ್ರೆ ತೋಟ ಕಾಯುವ ಕೋವಿ. ಮಂಗ, ಹಂದಿ ಬೆದರಿಸಲು ಒಂದು ಈಡು. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಗುರಿ ಹೊಡೆಯುವುದನ್ನು ಆಟ ಎಂದು ಕಲಿಯುವವರು ಕಡಿಮೆ. ಕಾರವಾರದಲ್ಲಿರುವ ಅಕ್ಕನ ಮಗಳಿಗೆ ಆ ಆಸೆ ಹುಟ್ಟಿದ್ದು 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿ. ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದಿದ್ದರಲ್ವಾ? ಕಲಿಸುವ ಹೊಣೆ ಮಾವನಾದ ನನ್ನ ಮೇಲೆ ಬಿತ್ತು. ನಾನದನ್ನು ಖುಷಿಯಿಂದಲೇ ಹೊತ್ತುಕೊಂಡೆ.

ಮೊದಲು ಕಾನೂನಿನ ಮಾತು. 21 ತುಂಬದವರ ಹೆಸರಿಗೆ ಬಂದೂಕಿನ ಲೈಸೆನ್ಸ್ ಸಿಗುವುದಿಲ್ಲ. ಚಿಕ್ಕವರು ತರಬೇತಿಗೆಂದು, ನಿಯಮದ ಪ್ರಕಾರ, ದೊಡ್ಡವರ ಕಣ್ಣೆದುರಲ್ಲೇ ಹೊಡೆಯಬೇಕು. ಹಾಗಾಗಿ ಲೈಸೆನ್ಸ್ ನನ್ನದು, ಕಪಾಟಿನ ಬೀಗದ ಕೈ ನನ್ನದು, ಅಭ್ಯಾಸ ಹುಬ್ಬಳ್ಳಿಯ ಶೂಟಿಂಗ್ ರೇಂಜಿನಲ್ಲಿ. ಅದಕ್ಕೂ ಮುಂಚೆ ಅವಳು .177 (ನಳಿಗೆಯ ತೂತಿನ ಅಳತೆ, ಇಂಚಿನಲ್ಲಿ) ಏರ್ ರೈಫಲ್‌ನಲ್ಲಿ ಉಸಿರು ಹಿಡಿಯುವುದು, ಟ್ರಿಗರ್ ಮೆಲ್ಲಗೆ ಒತ್ತುವುದು ಕಲಿತಿದ್ದಳು. ಹೊಡೆತದ ಶಕ್ತಿ 20 ಜೂಲ್ ಒಳಗಿರುವ .177 ಏರ್ ರೈಫಲ್‌ಗೆ ಲೈಸೆನ್ಸ್ ಬೇಕಾಗಿಲ್ಲ.

ಆಮೇಲೆ .22ಕ್ಕೆ ಬಂದೆವು. ಇದರ ತೋಟಾದಲ್ಲಿ ಸಿಡಿಮದ್ದು ಹಿಂಬದಿಯ ಅಂಚಿನ ಸುತ್ತ ಇರುತ್ತದೆ, ಪಿನ್ನು ಆ ಅಂಚಿಗೇ ಬಡಿಯುತ್ತದೆ. ಭುಜಕ್ಕೆ ಒದೆತ ಇಲ್ಲವೇ ಇಲ್ಲ ಅನ್ನಬಹುದು. ಸದ್ದೂ ಕಡಿಮೆ. ಹೊಸಬರು ಹೆದರಿ ಕಣ್ಣು ಮುಚ್ಚುವ ಚಾಳಿ ಬೀಳುವುದಿಲ್ಲ. ಆದರೆ ಗುಂಡು ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ತೋಟದಲ್ಲಿ ಸುಮ್ನೆ ಒಂದು ಡಬ್ಬ ಇಟ್ಟು ಹೊಡೆಯುವ ಮಾತನ್ನು ನಾನು ಒಪ್ಪುವುದೇ ಇಲ್ಲ.

ರೈಫಲ್ ಆರಿಸುವಾಗ ಎಲ್ಲರೂ ಹೇಳಿದ್ದು ಒಂದೇ: ಹಗುರದ್ದು ತಗೊಳ್ಳಿ. ನಾನು ತೂಕದ ಜೊತೆಗೆ ಉದ್ದವನ್ನೂ ನೋಡಿದೆ. ಅವಳ ಮೊಣಕೈ ಮಡಚಿಸಿ, ಬಟ್ಟಿನ (ಭುಜಕ್ಕೆ ಒರಗಿಸುವ ಹಿಂಬದಿಯ ಮರದ) ತುದಿಯನ್ನು ಮೊಣಕೈಯ ಒಳಮಡಿಕೆಗೆ ತಾಗಿಸಿದೆ. ತೋರುಬೆರಳಿನ ಮೊದಲ ಗೆಣ್ಣು ಆರಾಮವಾಗಿ ಟ್ರಿಗರ್ ಮೇಲೆ ಕೂರಬೇಕು. ದೊಡ್ಡವರ ರೈಫಲ್‌ನಲ್ಲಿ ಬಟ್ಟಿನಿಂದ ಟ್ರಿಗರ್‌ಗೆ ಹದಿಮೂರೂವರೆ ಇಂಚಿನಷ್ಟು ಇರುತ್ತದೆ. ಅವಳ ಬೆರಳು ಟ್ರಿಗರ್‌ನಿಂದ ಒಂದು ಇಂಚು ಹಿಂದೆಯೇ ನಿಂತಿತು. ಉದ್ದ ಜಾಸ್ತಿಯಾದರೆ ಮಕ್ಕಳು ಬಟ್ಟನ್ನು ಭುಜದಿಂದ ತೋಳಿಗೆ ಜಾರಿಸಿಕೊಂಡು, ಸೊಂಟ ಹಿಂದಕ್ಕೆ ಬಗ್ಗಿಸಿ ನಿಲ್ಲುತ್ತಾರೆ. ಆಗ ಎಷ್ಟೇ ಹಗುರವಿದ್ದರೂ ನಳಿಗೆ ನಡುಗುತ್ತದೆ.

ರೇಂಜಿನಲ್ಲಿದ್ದ ಉದ್ದ ನಳಿಗೆಯ ರೈಫಲ್ ಹಿಡಿದು ನೋಡಿದವಳು ತಕ್ಷಣ ಹೇಳಿದಳು: "ಮಾವಾ, ಭಾರ ಆಗ್ತಿಲ್ಲೆ, ಮುಂದೆ ಎಳೀತು." ಸರಿಯಾಗಿಯೇ ಗುರುತಿಸಿದ್ದಳು. ಒಟ್ಟು ತೂಕ ಕಡಿಮೆಯಿದ್ದರೂ ಅದು ಮೂತಿಯ ಕಡೆಗೇ ಇದ್ದರೆ ಎಡಗೈ ಬೇಗ ಸೋಲುತ್ತದೆ. ಹಾಗಂತ ತೀರಾ ಹಗುರವೂ ಒಳ್ಳೆಯದಲ್ಲ, ಎದೆಬಡಿತ ಕೂಡ ಗುರಿಯಲ್ಲಿ ಕಾಣುತ್ತದೆ. ಒಲಿಂಪಿಕ್ಸ್‌ನವರು 8 ಕಿಲೋವರೆಗಿನ ರೈಫಲ್ ಹಿಡಿಯುವುದು ಇದಕ್ಕೇ.

ವಿದೇಶದಲ್ಲಿ ಮಕ್ಕಳಿಗೆಂದೇ ಸಣ್ಣ ರೈಫಲ್ ಇವೆ, ಸಿಝಡ್ ಸ್ಕೌಟ್ ತರದ್ದು. ನಮ್ಮಂಥವರಿಗೆ ಅವು ಕೈಗೆಟುಕುವುದಿಲ್ಲ. ನಾನು ತಗೊಂಡಿದ್ದು ಪಶ್ಚಿಮ ಬಂಗಾಳದ ಇಚಾಪುರದ ಸರ್ಕಾರಿ ಕಾರ್ಖಾನೆಯ .22 ಬೋಲ್ಟ್ ಆಕ್ಷನ್. ಪ್ರತಿ ಸಲ ಹಿಂಬದಿಯ ಹಿಡಿ ಇರುವ ಬೋಲ್ಟ್ ಎಳೆದೇ ತೋಟಾ ಹಾಕಬೇಕು. ನಾನು ತೋಟಾ ತುಂಬುವ ಮ್ಯಾಗಜೀನ್ ತೆಗೆದಿಟ್ಟು ಒಂದೊಂದೇ ತೋಟಾ ಕೊಡುತ್ತೇನೆ. ಕಲಿಯುವವರಿಗೆ ಈ ನಿಧಾನವೇ ಬೇಕು.

ಬಟ್ಟನ್ನು ಕೋವಿ ರಿಪೇರಿಯ ಲೈಸೆನ್ಸ್ ಇರುವವರ ಹತ್ತಿರ ಒಂದು ಇಂಚು ಕೊಯ್ಯಿಸಿದೆ. ಕತ್ತರಿಸಿದ ಮರವನ್ನು ಎರಡು ಹೋಳು ಮಾಡಿಸಿ, ಉದ್ದ ಸ್ಕ್ರೂ ಹಾಕಿ ಮತ್ತೆ ಜೋಡಿಸುವಂತೆ ಇಟ್ಟುಕೊಂಡಿದ್ದೇನೆ. ಅವಳು ಬೆಳೆದ ಹಾಗೆ ಒಂದೊಂದೇ ಹಾಕಿದರಾಯ್ತು. ನಳಿಗೆಯನ್ನು ಮಾತ್ರ ಯಾರೂ ಮುಟ್ಟಬೇಡಿ, ಅನುಮತಿಯಿಲ್ಲದೆ ಅದನ್ನು ಗಿಡ್ಡ ಮಾಡುವುದು ಅಪರಾಧ.

ಕಣ್ಣಿನ ಪರೀಕ್ಷೆಯನ್ನು ಹಣ ಕೊಡುವ ಮೊದಲೇ ಮಾಡಿ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ತೋರಿಸಲಿ, ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣಿಗೆ ಬೆರಳು ಕಂಬದ ಮೇಲೇ ಕಾಣುತ್ತದೋ ಆ ಕಡೆಯ ಭುಜಕ್ಕೆ ರೈಫಲ್.

ಕರಾವಳಿಯವರಿಗೆ ಇನ್ನೊಂದು ಮಾತು. ಕಾರವಾರದ ಉಪ್ಪುಗಾಳಿಗೆ ಅವಳ ಏರ್ ರೈಫಲ್ ಮಳೆಗಾಲ ಶುರುವಾಗುತ್ತಿದ್ದಂತೆ ತುಕ್ಕು ಹಿಡಿಯಿತು. ಬೆವರುಗೈ ತಾಗಿದ ಜಾಗವನ್ನು ಆ ದಿನವೇ ಒರೆಸಿ ಎಣ್ಣೆ ಹಚ್ಚಬೇಕು. ಫೋಮ್ ಚೀಲದಲ್ಲಿ ಮುಚ್ಚಿಡಬಾರದು, ಅದು ತೇವ ಹೀರಿಕೊಂಡು ಕಬ್ಬಿಣಕ್ಕೆ ಅಂಟಿಸುತ್ತದೆ. ಈಗ ಅವಳು ಎರಡೂ ರೈಫಲ್‌ಗಳನ್ನು ತಾನೇ ಒರೆಸುತ್ತಾಳೆ, ಬೋಲ್ಟ್ ತೆಗೆದು ನಳಿಗೆ ಖಾಲಿ ಇದೆಯಾ ಎಂದು ನನಗೆ ತೋರಿಸಿದ ಮೇಲೆಯೇ.