ಚೀಟಿ ಎತ್ತಿ ಟೀಮ್ ಮಾಡಿದೆವು: ಸುರತ್ಕಲ್ ಕಡೆಯ ನನ್ನ ಅನುಭವ

"ಅಂಡರ್‌ಆರ್ಮ್ ಕ್ರಿಕೆಟ್ ಆಡಿಸಿ ಕೋಮು ಜಗಳ ನಿಲ್ಲಿಸ್ತೀರಾ?" ಎಂದು ನಕ್ಕವರಲ್ಲಿ ಇಬ್ಬರು ಈಚೆಗೆ ಫೋನ್ ಮಾಡಿ ನಮ್ಮ ನಿಯಮಗಳ ಪ್ರತಿ ಕೇಳಿದರು. ಬೇರೆ ಬೇರೆ ಧರ್ಮದ ಹುಡುಗರನ್ನು ಚೀಟಿ ಎತ್ತಿ ಒಂದೇ ಟೀಮಿಗೆ ಹಾಕಿ ಆಡಿಸುವ ಟೂರ್ನಮೆಂಟ್ ನಮ್ಮದು. ಅದಕ್ಕೇ ಬರೆಯುತ್ತಿದ್ದೇನೆ. ಓದುವವರು ಹೆಚ್ಚಾಗಿ ಯುವಕ ಮಂಡಲ, ಫ್ರೆಂಡ್ಸ್ ಕ್ಲಬ್ ನಡೆಸುವವರೇ. ಹಾಗಾಗಿ ಮೈದಾನ ಗೊತ್ತು ಮಾಡುವುದು, ಠಾಣೆಯಲ್ಲಿ ಮೈಕ್ ಅನುಮತಿ ತೆಗೆದುಕೊಳ್ಳುವುದು, ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ತಿರುಗುವುದು ಇದನ್ನೆಲ್ಲ ಹೇಳುವುದಿಲ್ಲ. ನಿಮಗೆ ಗೊತ್ತೇ ಇದೆ.

ನಮ್ಮ ಊರು ಮಂಗಳೂರು ಹತ್ತಿರದ ಸುರತ್ಕಲ್ ಕಡೆ. 1998ರ ಕೋಮು ಗಲಭೆ ಆದಾಗ ನಾನು ಹೈಸ್ಕೂಲಿನಲ್ಲಿದ್ದೆ. ಆಮೇಲೆ ಮನೆ ಮಾರಿ ತಮ್ಮವರು ಇರುವ ಅಡ್ಡರಸ್ತೆಗೆ ಹೋದವರನ್ನು ಕಣ್ಣಾರೆ ನೋಡಿದ್ದೇನೆ. ಈಗಲೂ ತುಳು, ಬ್ಯಾರಿ (ಇಲ್ಲಿನ ಬ್ಯಾರಿ ಮುಸ್ಲಿಮರ ಭಾಷೆ), ಕೊಂಕಣಿ, ಕನ್ನಡ ನಾಲ್ಕನ್ನೂ ಸಲೀಸಾಗಿ ಮಾತಾಡುವ ಹುಡುಗರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಆದರೆ ಅವರ ಮೊಬೈಲ್ ತೆಗೆದು ನೋಡಿ. ಆಚೆ ರಸ್ತೆಯ ಒಬ್ಬನ ನಂಬರೂ ಇರುವುದಿಲ್ಲ. ನಾನು ಹಿಡಿದದ್ದು ಅದೊಂದನ್ನೇ. ಮನಸ್ಸು ಬದಲಾಯಿಸುವುದು ದೊಡ್ಡವರ ಕೆಲಸ, ನನಗೆ ಆ ನಂಬರ್ ಸೇವ್ ಆದರೆ ಸಾಕಿತ್ತು.

ಮೊದಲು ನಾವೂ ಎಲ್ಲರೂ ಮಾಡುವುದನ್ನೇ ಮಾಡಿದೆವು. ಸೌಹಾರ್ದ ಸಭೆ. ವೇದಿಕೆಯಲ್ಲಿ ಮೂರು ಧರ್ಮದ ಗುರುಗಳು, ದೀಪ, ಶಾಲು, ಹಣ್ಣಿನ ಬುಟ್ಟಿ, ಕೊನೆಗೆ ಊಟ. ಶಾಮಿಯಾನ, ಸೌಂಡ್ ಎಲ್ಲ ಸೇರಿ 40 ಸಾವಿರದ ಹತ್ತಿರ ಹೋಯಿತು. ಬಂದವರು ನೂರು ಚಿಲ್ಲರೆ, ಅದರಲ್ಲಿ ಮುಕ್ಕಾಲು ಪಾಲು ಐವತ್ತು ದಾಟಿದವರು. ತಮ್ಮ ಗುರುಗಳ ಭಾಷಣ ಮುಗಿದ ಕೂಡಲೇ ಆ ಸಾಲಿನ ಕುರ್ಚಿ ಖಾಲಿ. ಬಪ್ಪ ಬ್ಯಾರಿ ಮೂಲ್ಕಿಯ ಬಪ್ಪನಾಡಿನಲ್ಲಿ ದುರ್ಗಾಪರಮೇಶ್ವರಿಗೆ ಗುಡಿ ಕಟ್ಟಿಸಿದ ಕಥೆಯನ್ನು ಮೂವರೂ ಹೇಳಿದರು. ಕಥೆ ಒಳ್ಳೆಯದೇ, ಅಲ್ವಾ? ಜಾತ್ರೆಯಲ್ಲಿ ಆ ಮನೆತನಕ್ಕೆ ಪ್ರಸಾದ ಕೊಡುವ ಕ್ರಮ ಇವತ್ತಿಗೂ ಇದೆ. ಆದರೆ ರಾತ್ರಿ ಹನ್ನೊಂದಕ್ಕೆ ಒಂದೇ ಬೈಕಲ್ಲಿ ಮೂವರು ಕೂತು ತಿರುಗುವ ಹುಡುಗರು ಅದನ್ನು ಕೇಳಲು ಬಂದಿರಲೇ ಇಲ್ಲ. ಅವರಿಗಾಗಿಯೇ ಸಭೆ ಮಾಡಿದ್ದು.

ಹಬ್ಬದ ಊಟವನ್ನೂ ಮಾಡಿ ನೋಡಿದೆವು. ಒಬ್ಬರಿಗೆ ಹಲಾಲ್ ಬೇಕು, ಒಬ್ಬರಿಗೆ ಸಂಕ್ರಾಂತಿ ಮೀನು ಇಲ್ಲ, ಇನ್ನೊಬ್ಬರದ್ದು ಉಪವಾಸ. ಎಲ್ಲರೂ ನಗುತ್ತಲೇ ಬಂದು ಪಾಯಸ ಕುಡಿದು ಹೋದರು. ದ್ವೇಷ ಇಲ್ಲದವರನ್ನು ಕರೆದು ದ್ವೇಷ ಬಿಡಿ ಎಂದಂತಾಯಿತು. ವಾಟ್ಸ್‌ಆ್ಯಪ್ ಗ್ರೂಪ್ ಕಥೆ ಹೇಳುವುದೇ ಬೇಡ. ಗುಡ್ ಮಾರ್ನಿಂಗ್ ಗುಲಾಬಿ ಹೂಗಳಲ್ಲಿ ಶುರುವಾಗಿ ಚುನಾವಣೆ ಜಗಳದಲ್ಲಿ ಮುಗಿಯಿತು. ಒಂದು ತಿಂಗಳೂ ಬಾಳಲಿಲ್ಲ.

ಆಮೇಲೆ ಕ್ರಿಕೆಟ್. ಅಂಡರ್‌ಆರ್ಮ್‌ಗೆ, ಅಂದರೆ ಕೈ ಮೇಲೆತ್ತದೆ ಬೌಲ್ ಮಾಡುವ ಆಟಕ್ಕೆ, ನಮ್ಮಲ್ಲಿ ಹುಡುಗರನ್ನು ಕರೆಯಬೇಕಾಗಿಲ್ಲ, ತಾವೇ ಬರುತ್ತಾರೆ. ಆದರೆ ಮೊದಲ ಸಲ ಸಮಿತಿಯವರು ಹಟ ಹಿಡಿದು ಕ್ಲಬ್ ಟೀಮ್‌ಗಳನ್ನೇ ತೆಗೆದುಕೊಂಡರು. ನಮ್ಮ ಕಡೆ ಕ್ಲಬ್ ಅಂದರೆ ಏನು ಅಂತ ನಿಮಗೆ ಗೊತ್ತು. ಹೆಸರು ನೋಡಿದರೆ ಯಾವ ಕಡೆಯವರು ಎಂದು ತಿಳಿಯುತ್ತದೆ. ಫೈನಲ್‌ನಲ್ಲಿ ಒಂದು ರನೌಟ್, ಅದಕ್ಕೊಂದು ಕೂಗಾಟ, ಕೂಗಾಟದಲ್ಲಿ ಘೋಷಣೆ. ಟ್ರೋಫಿಯನ್ನು ಗಾಡಿಯಲ್ಲಿಟ್ಟು ಮನೆಗೆ ಕಳುಹಿಸಿ ಆಮೇಲೆ ಕೊಟ್ಟೆವು. ಮಂಡಲದ ಹಿರಿಯರೊಬ್ಬರು "ಇಂದ್ ಆಪಿನ ಬೇಲೆ ಅತ್ತ್ ಮಾರಾಯಾ" ಎಂದು ಎದ್ದು ಹೋದರು. ಆಗದ ಕೆಲಸ ಎಂದರಲ್ಲ, ನನಗೆ ಹುರುಪು ಬಂದದ್ದೇ ಆಗ.

ಮುಂದಿನ ಸಲ ಕ್ಲಬ್ ಟೀಮ್ ಬಂದ್. ಆಟಗಾರರು ಒಬ್ಬೊಬ್ಬರೇ ಹೆಸರು ಕೊಡಬೇಕು, ತಲೆಗೆ 200 ರೂಪಾಯಿ. ಹರಾಜು ಇಟ್ಟೆವು, ಈಗ ಎಲ್ಲ ಕಡೆ ಇರುವಂತೆ ಪಾಯಿಂಟ್ ಲೆಕ್ಕದಲ್ಲಿ. ಟೀಮಿನ ಮಾಲೀಕರು ಏನು ಮಾಡಿದರು? ಜಾಸ್ತಿ ಪಾಯಿಂಟ್ ಸುರಿದು ತಮ್ಮತಮ್ಮ ಹುಡುಗರನ್ನೇ ಎತ್ತಿಕೊಂಡರು. ತಿರುಗಿ ಅದೇ ಕಥೆ.

ಹಾಗಾಗಿ ಹರಾಜನ್ನೂ ಬಿಟ್ಟು ಚೀಟಿಗೆ ಬಂದೆವು. ಅಲ್ಲಿಂದ ಹಿಡಿತಕ್ಕೆ ಸಿಕ್ಕಿತು. ಬೌಲರ್, ಕೀಪರ್, ಹೊಡೆಯುವವರು, ಸುಮ್ನೆ ಬಂದವರು ಎಂದು ನಾಲ್ಕು ಡಬ್ಬಿ. ಎಂಟು ಟೀಮ್, ಟೀಮಿಗೆ ಒಂಬತ್ತು ಜನ. ನಿಯಮ ಒಂದೇ: ಒಂದು ಅಡ್ಡರಸ್ತೆಯಿಂದ ಒಂದು ಟೀಮಿಗೆ ಇಬ್ಬರಿಗಿಂತ ಹೆಚ್ಚು ಬೇಡ. ಫಾರ್ಮಿನಲ್ಲಿ ಧರ್ಮ ಇಲ್ಲ, ಜಾತಿ ಇಲ್ಲ, ಮೈಕಿನಲ್ಲಿ ಆ ಮಾತೇ ಇಲ್ಲ. ರಸ್ತೆಗಳೇ ಬೇರೆ ಬೇರೆ ಆಗಿರುವ ಊರಿನಲ್ಲಿ ರಸ್ತೆ ಬೆರೆಸಿದರೆ ಉಳಿದದ್ದು ತಾನಾಗಿ ಬೆರೆಯುತ್ತದೆ. ಚೀಟಿಯನ್ನು ಹೇಗೆ ಮಡಚುತ್ತೇವೆ, ಕ್ಯಾಪ್ಟನ್ ಮತ್ತು ವೈಸ್ ಕ್ಯಾಪ್ಟನ್ ಯಾವಾಗಲೂ ಎರಡು ಕಡೆಯವರೇ ಹೇಗೆ ಬರುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಹುಡುಗರೂ ಇದನ್ನು ಓದುತ್ತಾರೆ.

ಜೆರ್ಸಿ ಬಣ್ಣದಲ್ಲಿ ಹುಷಾರಾಗಿರಿ. ಕೇಸರಿಯೂ ಬೇಡ, ಹಸಿರೂ ಬೇಡ. ನೀಲಿ ಹಾಕಿದರೆ ಅದಕ್ಕೂ ಒಬ್ಬರು ಅರ್ಥ ಹೇಳಿದರು. ಕೊನೆಗೆ ಬೂದು, ಕಂದು, ಮರೂನ್, ಗುಲಾಬಿ. ಗುಲಾಬಿ ಜೆರ್ಸಿ ಹಾಕಲು ಮೊದಲು ಮುಖ ಸಿಂಡರಿಸಿದ ಟೀಮೇ ಆ ವರ್ಷ ಗೆದ್ದಿತು. ಈಗ ಗುಲಾಬಿಗೇ ಜಗಳ.

ದಿನ ಗೊತ್ತು ಮಾಡುವುದೂ ಒಂದು ವಿದ್ಯೆ. ಶುಕ್ರವಾರ ಮಧ್ಯಾಹ್ನ ಆಟ ಇಲ್ಲ. ಭಾನುವಾರ ಇಗರ್ಜಿಯ ಪೂಜೆ ಮುಗಿದು ಹತ್ತು ಗಂಟೆಯ ಮೇಲೆಯೇ ಶುರು. ದೈವದ ನೇಮ, ಕೋಲ ಇರುವ ರಾತ್ರಿಯ ಮರುದಿನ ಇಟ್ಟರೆ ಅರ್ಧ ಟೀಮ್ ನಿದ್ದೆಯಲ್ಲಿರುತ್ತದೆ. ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಬರುತ್ತದೆ. 2025ರಲ್ಲಿ ಮಾರ್ಚ್ ಮೊದಲಿಗೆ ಬಂತು, 2026ಕ್ಕೆ ಫೆಬ್ರವರಿ. ನಾವು ಈಗ ಜನವರಿ ಹಿಡಿದಿದ್ದೇವೆ, ಅಲ್ಲೂ ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆಯ ವಾರ ಬಿಟ್ಟು. ಅತ್ತೂರಿಗೆ ನಮ್ಮಲ್ಲಿ ಎಲ್ಲ ಜಾತಿಯವರೂ ಮೇಣದ ಬತ್ತಿ ಹಿಡಿದು ಹೋಗುತ್ತಾರೆ, ತಡೆಯಲು ಆಗುವುದಿಲ್ಲ! ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟ್‌ಗಳಿಗೆ ರಜೆ, ಬೋಟಿನ ಹುಡುಗರು ಊರಲ್ಲೇ ಇರುತ್ತಾರೆ. ಆದರೆ ಮಳೆ.

ಆ ಮಳೆಗಾಲಕ್ಕೆಂದೇ ತುಳುವರ ಆಟಿ ತಿಂಗಳಲ್ಲಿ ಒಂದು ಕೆಸರುಗದ್ದೆ ಕೂಟ ಮಾಡಿದೆವು. ಹಗ್ಗ ಜಗ್ಗಾಟಕ್ಕೆ ಹಗ್ಗವೇ ಮೂರು ಸಾವಿರ. ಗಂಡಸರು ಬಂದರು, ಹಿಂದೂ ಮತ್ತು ಕ್ರಿಶ್ಚಿಯನ್ ಹೆಂಗಸರೂ ಗದ್ದೆಗೆ ಇಳಿದರು. ಬ್ಯಾರಿ ಮನೆಯ ಹೆಂಗಸರು ಬದುವಿನ ಮೇಲೆ ನಿಂತು ನೋಡಿದರು, ಅಷ್ಟೇ. ಒಬ್ಬ ಬ್ಯಾರಿ ಅಕ್ಕ ನೇರವಾಗಿ ಕೇಳಿದರು, "ಕೆಸರಲ್ಲಿ ಬಿದ್ದು ಒದ್ದೆ ಬಟ್ಟೆಯಲ್ಲಿ ಎಲ್ಲರ ಮುಂದೆ ನಿಲ್ಲೋದು ನಮಗೆ ಆಗ್ತದಾ? ತ್ರೋಬಾಲ್ ಇಡಿ, ಕಾಂಪೌಂಡ್ ಒಳಗೆ ಇಡಿ, ಬರ್ತೇವೆ." ಇಟ್ಟೆವು. ಬಂದರು. ಅದರ ಬಗ್ಗೆ ಆಮೇಲೆ.

ದುಡ್ಡಿನ ವಿಷಯ. ಟೂರ್ನಮೆಂಟ್‌ಗೆ ಒಟ್ಟು ಖರ್ಚು 65ರಿಂದ 70 ಸಾವಿರ. ಅದರಲ್ಲಿ ಜೆರ್ಸಿಯೇ 20 ಸಾವಿರ, ಒಂದಕ್ಕೆ 280ರ ಲೆಕ್ಕ. ಸೌಂಡ್, ಶಾಮಿಯಾನ, ಅಂಪೈರ್, ಚಹಾ, ಗೋಳಿಬಜೆ. ಊಟ ಕೊಡುವುದಿಲ್ಲ. ಗೋಳಿಬಜೆಗೆ ಯಾರ ತಕರಾರೂ ಇಲ್ಲ. ಹುಡುಗರ ಫೀಸ್‌ನಿಂದ ಬರುವುದು 14 ಸಾವಿರ ಮಾತ್ರ, ಉಳಿದದ್ದು ಅಂಗಡಿಗಳಿಂದ. ಒಬ್ಬರು 25 ಸಾವಿರ ಕೊಡಲು ತಯಾರಿದ್ದರು, ಆದರೆ ತಮ್ಮ ನಾಯಕರು ವೇದಿಕೆಗೆ ಬರಬೇಕಂತೆ. ಬೇಡ ಎಂದೆವು. ಆ ವರ್ಷ ನನ್ನ ಕೈಯಿಂದ ಹದಿನೆಂಟು ಸಾವಿರ ಹೋಯಿತು. ಹೆಂಡತಿಯ ಚೀಟಿ ಫಂಡಿನ ದುಡ್ಡು. ಅವಳು ಇನ್ನೂ ಎತ್ತಿ ಆಡುತ್ತಾಳೆ. ಆದರೆ ಆ ಬೇಡ ಎಂದ ಸುದ್ದಿ ಊರೆಲ್ಲ ಹಬ್ಬಿತು. ಮರುವರ್ಷ ಸಣ್ಣಸಣ್ಣ ಅಂಗಡಿಯವರು ಐನೂರು, ಸಾವಿರ ತಾವಾಗಿಯೇ ತಂದುಕೊಟ್ಟರು. ಮೀನು ಮಾರುವ ಕಾಕ ಒಬ್ಬರು ಎರಡು ಸಾವಿರ ಕೊಟ್ಟು ಹೆಸರು ಹಾಕಬೇಡಿ ಎಂದರು. ಉದ್ಘಾಟನೆಗೆ ಲೈನ್‌ಮನ್ ಅಣ್ಣನನ್ನು ಕರೆಯುತ್ತೇವೆ. ಮಳೆಗಾಲದಲ್ಲಿ ಎಲ್ಲರ ಮನೆ ಕಂಬವನ್ನೂ ಹತ್ತುವವರು ಅವರೊಬ್ಬರೇ. ಬಹುಮಾನವನ್ನು 20 ಸಾವಿರದಿಂದ 5 ಸಾವಿರಕ್ಕೆ ಇಳಿಸಿದೆವು. ದೊಡ್ಡ ಮೊತ್ತ ಇಟ್ಟರೆ ಹೊರಗಿನ ಆಟಗಾರರನ್ನು ನುಸುಳಿಸುತ್ತಾರೆ, ಗಲಾಟೆ ಅಲ್ಲಿಂದಲೇ ಹುಟ್ಟುತ್ತದೆ.

ಇನ್ನು ಆ ನಂಬರ್‌ಗಳು ಉಪಯೋಗಕ್ಕೆ ಬಂದದ್ದು ಹೇಗೆ ಎಂದು ಹೇಳಬೇಕು. ಎಂಟು ಟೀಮ್‌ಗಳ ಕ್ಯಾಪ್ಟನ್, ವೈಸ್ ಕ್ಯಾಪ್ಟನ್ ಸೇರಿ ಹದಿನಾರು ಜನ. ಇವರದ್ದು ಗ್ರೂಪ್ ಇಲ್ಲ. ಬರೀ ಫೋನ್. ಏನಾದರೂ ಗಾಳಿಸುದ್ದಿ ಬಂದರೆ ಆ ಜಾಗಕ್ಕೆ ಹತ್ತಿರ ಇರುವವನು ಬೈಕ್ ತೆಗೆದುಕೊಂಡು ಹೋಗಿ ನೋಡಬೇಕು. ನೋಡಿದ ಮೇಲೆ ಇಬ್ಬರಿಗೆ ಫೋನ್ ಮಾಡಬೇಕು, ಅವರು ತಮ್ಮ ಇಬ್ಬರಿಗೆ. ಮೆಸೇಜ್ ಬರೆಯುವುದಿಲ್ಲ. "ಹಾಗೆ ಆಗಿಲ್ಲ" ಎಂದು ಬರೆದರೂ ಅದರ ಜೊತೆ ಸುಳ್ಳೇ ಇನ್ನೊಂದು ಸುತ್ತು ಓಡುತ್ತದೆ.

ಒಮ್ಮೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕ್ ಸ್ಕಿಡ್ ಆಗಿ ಒಬ್ಬ ಹುಡುಗ ಬಿದ್ದ. ಹತ್ತೇ ನಿಮಿಷದಲ್ಲಿ ಅದು "ಅಡ್ಡಗಟ್ಟಿ ಹೊಡೆದರು" ಎಂಬ ವಾಯ್ಸ್ ಮೆಸೇಜ್ ಆಗಿ ತಿರುಗತೊಡಗಿತು. ಬೂದು ಜೆರ್ಸಿಯ ಕ್ಯಾಪ್ಟನ್ ಪೆಟ್ರೋಲ್ ಹಾಕಿಸಲು ಅಲ್ಲೇ ಹತ್ತಿರ ಇದ್ದ. ಹೋಗಿ ನೋಡಿ, ಬಿದ್ದವನ ಕೈಗೇ ಫೋನ್ ಕೊಟ್ಟು ಅವನ ಬಾಯಿಂದಲೇ ಅವನ ರಸ್ತೆಯ ಹುಡುಗರಿಗೆ ಹೇಳಿಸಿದ. ಮುಕ್ಕಾಲು ಗಂಟೆಯಲ್ಲಿ ಜಂಕ್ಷನ್‌ನಲ್ಲಿ ಸೇರಿದ್ದ ಬೈಕ್‌ಗಳೆಲ್ಲ ಮನೆಗೆ ಹೋದವು.

ವಿಡಿಯೋ ಆದರೆ ಸುಲಭ. ಅಂಗಡಿ ಬೋರ್ಡ್ ಯಾವ ಭಾಷೆಯಲ್ಲಿದೆ, ಬಸ್ ನಮ್ಮ ಸಿಟಿ ಬಸ್ಸಾ, ರಸ್ತೆ ಒದ್ದೆ ಇದೆಯಾ ಒಣಗಿದೆಯಾ ನೋಡಿದರೆ ಸಾಕು. ಜುಲೈಯಲ್ಲಿ ಒಣ ರಸ್ತೆಯ ವಿಡಿಯೋ ಬಂದರೆ ಅದು ಹೆಚ್ಚಾಗಿ ಸುರತ್ಕಲ್ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಾಣದ ಗುರುತು ಇದ್ದರೆ ತುಂಬ ಕೈ ದಾಟಿ ಬಂದದ್ದು. ಕಷ್ಟ ವಾಯ್ಸ್‌ನದ್ದು. ಅದರಲ್ಲಿ ಬೋರ್ಡೂ ಇಲ್ಲ, ಬಸ್ಸೂ ಇಲ್ಲ, ನಮ್ಮದೇ ಊರಿನ ತುಳು. ಬೇಕೆಂದೇ ಬೆಂಕಿ ಹಚ್ಚುವವನದ್ದು ಸಿಕ್ಕಿದರೆ ತಾರೀಕು, ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಬೀಟ್ ಪೊಲೀಸರಿಗೆ ಮಾತ್ರ ಕೊಡುತ್ತೇವೆ. ಕೋಮು ದ್ವೇಷ ಹಬ್ಬಿಸುವುದಕ್ಕೆ ಮೊದಲಿದ್ದ ಐಪಿಸಿ ಸೆಕ್ಷನ್ 153ಎ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 196, ಮೂರು ವರ್ಷದವರೆಗೆ ಶಿಕ್ಷೆ ಇದೆ. ಇದನ್ನು ಹುಡುಗರಿಗೆ ಒಮ್ಮೆ ಹೇಳಿ ಬಿಡುವುದು ಒಳ್ಳೆಯದು, ಪಾಸ್‌ಪೋರ್ಟ್ ಆಸೆ ಇರುವವರು ತಕ್ಷಣ ಕಿವಿ ಕೊಡುತ್ತಾರೆ. ಗಲ್ಫ್ ಕನಸು ಎರಡೂ ಕಡೆ ಒಂದೇ.

ನಿಜವಾಗಿಯೇ ಕೊಲೆ ಆದರೆ ಈ ಫೋನ್ ಸರಪಳಿ ಏನು ಮಾಡುತ್ತದೆ? 2022ರ ಜುಲೈಯಲ್ಲಿ ಬೆಳ್ಳಾರೆಯಲ್ಲಿ ಒಂದು, ಎರಡೇ ದಿನಕ್ಕೆ ಸುರತ್ಕಲ್‌ನಲ್ಲಿ ಇನ್ನೊಂದು. ಸುಳ್ಳು ಎಂದು ಹೇಳಲು ಏನೂ ಇರಲಿಲ್ಲ. ಆಗ ಸರಪಳಿ ಚಿಕ್ಕದು, ನಾಲ್ಕೈದು ಜನ ಫೋನ್ ಎತ್ತಲೇ ಇಲ್ಲ. ಎತ್ತಿದವರು ಮಾತ್ರ ಹಾಲು, ಶುಗರ್ ಮಾತ್ರೆ ತಲುಪಿಸಿದರು, ಶಿಫ್ಟ್ ಮುಗಿಸಿ ಬರುವವರನ್ನು ಮನೆಗೆ ಬಿಟ್ಟರು. 2025ರ ಮೇ 1ರ ರಾತ್ರಿ ಬಜ್ಪೆ ಬಳಿ ಕೊಲೆಯಾಗಿ ಮರುದಿನ ಬಂದ್ ಆಯಿತಲ್ಲ, ಆವತ್ತು ಹದಿನಾರು ಜನರೂ ಫೋನ್ ಎತ್ತಿದರು. ರಾತ್ರಿಯೇ ಒಬ್ಬೊಬ್ಬರು ತಮ್ಮ ಟೀಮಿನ ಏಳೆಂಟು ಜನರ ಮನೆಗೆ ಫೋನ್ ಮಾಡಿದರು, ಹುಡುಗರಿಗಲ್ಲ, ಅಮ್ಮಂದಿರಿಗೆ. ನಮ್ಮ ಪಟ್ಟಿಯ ಒಬ್ಬನೂ ಆ ವಾರ ಯಾವ ಕೇಸಿನಲ್ಲೂ ಇಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ. ಆಗದ ಕೆಲಸ ಎಂದು ಎದ್ದು ಹೋಗಿದ್ದ ಹಿರಿಯರು ಈಗ ಸ್ಕೋರ್ ಬರೆಯಲು ಕೂರುತ್ತಾರೆ, ಚಹಾ ತಡವಾದರೆ ಬೈಯುತ್ತಾರೆ.

ರಕ್ತದ ಪಟ್ಟಿಯೂ ಹೀಗೇ ಬೆಳೆಯಿತು. ಫಾರ್ಮಿನಲ್ಲಿ ಗುಂಪು ಬರೆಸುತ್ತೇವೆ. ಡೆಂಗ್ಯೂ ದಿನಗಳಲ್ಲಿ ಪ್ಲೇಟ್‌ಲೆಟ್ ಬೇಕೆಂದು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಿಂದಲೋ ಬೇರೆ ಕಡೆಯಿಂದಲೋ ಕರೆ ಬಂದರೆ ಇಬ್ಬರನ್ನು ಕಳುಹಿಸುತ್ತೇವೆ, ಬೇರೆ ಬೇರೆ ರಸ್ತೆಯವರು, ಒಂದೇ ಬೈಕಲ್ಲಿ. ರಕ್ತಕ್ಕೆ ಧರ್ಮವಿಲ್ಲ ಎಂಬ ಫ್ಲೆಕ್ಸ್ ಮಾತ್ರ ಹಾಕಬೇಡಿ. ಹಾಕಿದ ಕೂಡಲೇ ಯಾರು ಯಾರಿಗೆ ಕೊಟ್ಟರು ಎಂದು ಲೆಕ್ಕ ಶುರುವಾಗುತ್ತದೆ. ರಕ್ತ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟೇ ಮತ್ತೆ ಕೊಡಬೇಕು. ಹುಮ್ಮಸ್ಸಿನಲ್ಲಿ ಹುಡುಗರು ದಿನ ಮರೆಯುತ್ತಾರೆ, ಬರೆದಿಡಿ.

ತ್ರೋಬಾಲ್‌ಗೆ ಮೊದಲ ವರ್ಷ ನಾಲ್ಕು ಟೀಮ್, ಎರಡನೇ ವರ್ಷಕ್ಕೆ ಏಳು. ಶಾಲೆಯ ಕಾಂಪೌಂಡ್, ಗೇಟಲ್ಲಿ ಇಬ್ಬರು ಹೆಂಗಸರು, ಮೊಬೈಲ್ ಚಿತ್ರೀಕರಣ ಇಲ್ಲ. ಚೀಟಿ ಎತ್ತುವುದನ್ನು ಅವರೇ ನೋಡಿಕೊಂಡರು, ನನ್ನನ್ನು ಒಳಗೆ ಬಿಡಲಿಲ್ಲ. ಖರ್ಚು 12 ಸಾವಿರವೂ ಆಗಲಿಲ್ಲ. ಹುಡುಗರಿಗೆ ವರ್ಷಗಟ್ಟಲೆ ಹಿಡಿದದ್ದನ್ನು ಇವರು ಒಂದು ಸೀಸನ್‌ನಲ್ಲಿ ದಾಟಿದರು. ಈಗ ಐದಾರು ಜನ ಸೇರಿ ಒಂದೇ ರಿಕ್ಷಾದಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುತ್ತಾರೆ, ಬಾಡಿಗೆ ಹಂಚಿಕೊಳ್ಳುತ್ತಾರೆ. ಸದ್ಯ ಖಾತೆಯಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಇದೆ. ಹೊಸ ನೆಟ್ ಮತ್ತು ಎರಡು ಚೆಂಡಿಗೆ ನಾಲ್ಕು ಸಾವಿರ ಬೇಕು ಎಂದು ಅವರ ಪಟ್ಟಿ ಬಂದಿದೆ. ಹುಡುಗರ ಗುಲಾಬಿ ಜೆರ್ಸಿಗಿಂತ ಮೊದಲು ಅದನ್ನೇ ಕೊಡಿಸುತ್ತೇನೆ.