ಬೆಟ್ಟದ ಸರೋವರದಲ್ಲಿ ದೋಣಿ ಬೆಳಗ್ಗೆಯೇ ಇಳಿಸಿ

ಬೆಟ್ಟದ ಮೇಲಿನ ದೊಡ್ಡ ಸರೋವರಕ್ಕೆ ಹೊರಟಿದ್ದೀರಾ? ಕಯಾಕ್ ಆಗಲಿ, ದೋಣಿ ಆಗಲಿ, ಬೆಳಗ್ಗೆಯೇ ಮುಗಿಸಿ. ಬಿಸಿಲೇರಿದಂತೆ ಇಳಿಜಾರು ಕಾಯುತ್ತದೆ, ಗಾಳಿ ಏಳುತ್ತದೆ. ಕನ್ನಡಿಯಂತಿದ್ದ ನೀರಿನ ಮೇಲೆ ಮಧ್ಯಾಹ್ನಕ್ಕೆಲ್ಲ ನೊರೆ ಅಲೆ. ಒಮ್ಮೆ ನಾನೂ ಸಿಕ್ಕಿಕೊಂಡಿದ್ದೆ. ಹೋಗುವಾಗ ಅರ್ಧ ಗಂಟೆ, ವಾಪಸ್ ಬರಲು ಎರಡು ಗಂಟೆ. ತೋಳು ಬಿದ್ದೇ ಹೋಯಿತು!

ಇನ್ನು ನೀರು. ದಡದಲ್ಲಿ ಕಾಲಿಟ್ಟರೆ ಹಿತವಾಗಿರುತ್ತದೆ, ನಂಬಬೇಡಿ. ಹಿಮ ಕರಗಿ ಬಂದ ನೀರಾದರೆ ಸ್ವಲ್ಪ ಆಳದಲ್ಲೇ ಕೊರೆಯುತ್ತದೆ. 15 ಡಿಗ್ರಿಗಿಂತ ತಣ್ಣಗಿರುವ ನೀರಿಗೆ ದಿಢೀರನೆ ಬಿದ್ದರೆ ಏದುಸಿರು ಬರುತ್ತದೆ, ಈಜು ಬಲ್ಲವರಿಗೂ. ಮೊದಲ ಒಂದೆರಡು ನಿಮಿಷ ಕೈಕಾಲು ಬಡಿಯದೆ ಸುಮ್ನೆ ತೇಲಿ, ಉಸಿರು ಹತೋಟಿಗೆ ಬರಲಿ. ಅದಕ್ಕೇ ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಬೇಕು. ಸನ್‌ಸ್ಕ್ರೀನ್ ಕೂಡ ಹಚ್ಚಿಕೊಳ್ಳಿ. ಚಳಿಯಿದ್ದರೂ ಎತ್ತರದಲ್ಲಿ ಬಿಸಿಲು ಜಾಸ್ತಿ ಸುಡುತ್ತದೆ.